ಕ್ಯಾರಲ್‌ಳ ದೋಣಿ, ನನ್ನ ಕಾಲ್ಗುಣ

ಅಮೆರಿಕದಿಂದ ವಾಪಸು ಬಂದ ಮೇಲೆ ನಮ್ಮ ಓಣಿಯ ಹೆಂಗಸರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಆ ಕೆಂಪು ಸೇತುವೆ ನೋಡಿದ್ರೇನು?" ನೋಡಿದೆ. ಅವತ್ತು ಮಂಜು ಬಿದ್ದಿತ್ತು. ಅರ್ಧ ಸೇತುವೆ ಕಂಡಿತು, ಉಳಿದರ್ಧವನ್ನು ನನ್ನ ತಮ್ಮ ಫೋನಿನಲ್ಲಿ ತೋರಿಸಿದ. ಅಲ್ಲಿಗೆ ಆ ಸುದ್ದಿ ಮುಗಿಯಿತು. ಆ ಊರಲ್ಲಿ ನಾನು ನಿಜವಾಗಿ ಕೂತು ನೋಡಿ, ಮುಟ್ಟಿ, ಕೇಳಿ ತಿಳಿದುಕೊಂಡು ಬಂದದ್ದು ಬೇರೆಯೇ. ಒಂದು ಕೆಂಪು ಪ್ಲಾಸ್ಟಿಕ್ ಟ್ಯಾಂಕು, ಅದರಿಂದ ಹೊರಟ ಕರಿ ರಬ್ಬರ್ ಪೈಪು, ಆ ಪೈಪಿನ ತುದಿಗೆ ದೋಣಿಯ ಬೆನ್ನಿಗೆ ನೇತುಬಿದ್ದ ಒಂದು ಹಟಮಾರಿ ಎಂಜಿನ್ನು.

ನಾನು ಹುಬ್ಬಳ್ಳಿಯವಳು. ನಿವೃತ್ತಿಯಾಗುವ ತನಕ ಒಂದು ಅಡುಗೆ ಗ್ಯಾಸ್ ಏಜೆನ್ಸಿಯಲ್ಲಿ ದೂರಿನ ಫೋನಿನ ಮುಂದೆ ಕೂತವಳು. "ಬಾಯಾರ, ಉರಿ ಸಣ್ಣಗ ಬರಾಕತ್ತೈತಿ" ಎಂದು ಫೋನು ಬಂದರೆ ಗಾಬರಿಯಾಗದೆ ಒಂದೊಂದೇ ಕೇಳುವುದು ನನ್ನ ಕೆಲಸ. ಮೊದಲು ಒಲೆಯ ಬರ್ನರು, ಆಮೇಲೆ ಪೈಪು, ಆಮೇಲೆ ರೆಗ್ಯುಲೇಟರು, ಕೊನೆಗೆ ಸಿಲಿಂಡರು. ಉರಿಯಿಂದ ಹಿಂದಕ್ಕೆ ನಡೆದುಕೊಂಡು ಹೋದರೆ ತಪ್ಪು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಫೋನು ಇಡುವಾಗ ಎಲ್ಲರಿಗೂ ಒಂದೇ ಮಾತು, "ಮಲಗೂ ಮುಂದ ರೆಗ್ಯುಲೇಟರ್ ಬಂದ್ ಮಾಡೂದು ಮರೀಬ್ಯಾಡ್ರಿ." ಎಷ್ಟು ಸಲ ಹೇಳಿದ್ದೇನೆಂದರೆ ಆ ಮಾತು ಬಾಯಿಂದ ಇಳಿದು ಕೈಯೊಳಗೆ ಹೊಕ್ಕಿದೆ. ತಿರುಗುವಂಥದ್ದು ಏನು ಕಂಡರೂ ಬಂದ್ ಮಾಡುತ್ತೀ ಎಂದು ನನ್ನ ಗಂಡ ಶ್ರೀಪಾದರಾಯರು ಆಡಿಕೊಳ್ಳುತ್ತಾರೆ. ಅವರಿಗೆ ಮೊಣಕಾಲು ನೋವು, ಅಷ್ಟು ದೂರ ವಿಮಾನದಲ್ಲಿ ಕೂರಲು ಆಗದೆಂದು ಮನೆಯಲ್ಲೇ ಉಳಿದರು. ನಾನೊಬ್ಬಳೇ ಹೋದೆ.

ನೆವಾರ್ಕಿನ ಅಡುಗೆಮನೆ

ತಮ್ಮ ಗುರುರಾಜ ಇರುವುದು ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ. ಕರೆಂಟಿನ ಕಾರು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಅವನ ಹೆಂಡತಿ ಸಂಧ್ಯಾ ಮೈಸೂರಿನವಳು, ಹಲ್ಲಿನ ಡಾಕ್ಟರು. ಇಬ್ಬರೂ ಬೆಳಿಗ್ಗೆ ಎದ್ದರೆ ನಿಲ್ಲಲು ಪುರುಸೊತ್ತಿಲ್ಲದವರು. ಅಂಥವರ ಮನೆಯಲ್ಲಿ ನಾನು ಕಾಲಿಟ್ಟ ಮಾರನೆಯ ದಿನವೇ ಒಲೆ ಹತ್ತಲಿಲ್ಲ. ಗುಂಡಿ ತಿರುಗಿಸಿದರೆ ಟಿಕ್ ಟಿಕ್ ಎಂದು ಕಿಡಿ ಹಾರುತ್ತಿತ್ತು, ಉರಿ ಇಲ್ಲ. ಗುರು ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡಿದ. ಸಂಧ್ಯಾ ಕಂಪನಿಗೆ ಫೋನು ಹಚ್ಚಿ ಸಂಗೀತ ಕೇಳುತ್ತಾ ನಿಂತಳು. ನನಗೆ ಆಗ ನೆನಪಾಯಿತು. ಹಿಂದಿನ ದಿನ ಮಲಗುವ ಮುಂಚೆ ಒಲೆಯ ಕೆಳಗಿನ ಕಪಾಟಿನಲ್ಲಿ ಪಾತ್ರೆ ಹುಡುಕುವಾಗ ಗೋಡೆಯ ಪೈಪಿನ ಮೇಲೆ ಒಂದು ಹಳದಿ ಹಿಡಿ ಕಂಡಿತ್ತು. ಕಂಡದ್ದೇ ತಡ, ನನ್ನ ಕೈ ಅದನ್ನು ತಿರುಗಿಸಿತ್ತು.

"ಅತ್ತಿಗೆ, ಇಲ್ಲಿ ಯಾರೂ ಅದನ್ನ ಆಫ್ ಮಾಡಲ್ಲ. ಈ ಮನೆ ತಗೊಂಡಾಗಿಂದ ಅದನ್ನ ಯಾರೂ ಮುಟ್ಟೇ ಇಲ್ಲ," ಎಂದು ಸಂಧ್ಯಾ ನಕ್ಕಳು.

"ಮುಟ್ಟದ ಹಂಗs ಇದ್ರ ತುಕ್ಕು ಹಿಡೀತದ," ಎಂದೆ. ಸೋಲಬಾರದಲ್ಲ.

ಪಕ್ಕದ ಮನೆಯ ಕ್ಯಾರಲ್ ಪರಿಚಯವಾದದ್ದು ಅದೇ ವಾರ. ನನಗಿಂತ ಸ್ವಲ್ಪ ದೊಡ್ಡವಳು, ಬೆಳ್ಳಗಿನ ಗಿಡ್ಡ ಕೂದಲು, ಮಾತು ಕಡಿಮೆ. ಅವಳ ಹಿತ್ತಲಿನ ನಿಂಬೆಗಿಡ ಈ ಮನೆಯ ಕಿಟಕಿಗೆ ತಾಗುವಷ್ಟು ಹತ್ತಿರ. ಆದರೂ ನಿಂಬೆಹಣ್ಣು ಕೊಡಲು ಬರುವ ಮುಂಚೆ ಫೋನಿನಲ್ಲಿ ಮೆಸೇಜು ಹಾಕಿ, ಇವರು ಬಾ ಎಂದ ಮೇಲೆ ಬರುತ್ತಾಳೆ. ನಮ್ಮ ಓಣಿಯಲ್ಲಿ ಹೀಗೆ ಮಾಡಿದರೆ ಆ ಹೆಂಗಸಿಗೆ ಸಿಟ್ಟು ಬಂದಿದೆ ಎಂದೇ ಲೆಕ್ಕ. ಅವಳ ಗಂಡ ವಾಲ್ಟ್ ತೀರಿಹೋಗಿದ್ದ. ಅವನ ಪುಟ್ಟ ಅಲ್ಯೂಮಿನಿಯಂ ದೋಣಿ ಟಾರ್ಪಾಲು ಹೊದ್ದು ಅವಳ ಅಂಗಳದಲ್ಲಿ ನಿಂತಿತ್ತು. ನೋಡಿಕೊಳ್ಳುವವರಿಲ್ಲವೆಂದು ಅದನ್ನು ಗುರುವಿಗೆ ಕೊಟ್ಟಿದ್ದಳು. ಈಗ ಅರಿಜೋನಾದ ಮಗಳ ಮನೆಗೆ ಪೂರ್ತಿಯಾಗಿ ಹೊರಟಿದ್ದಳು. ಮನೆ ಮಾರಿಯಾಗಿತ್ತು, ಪೆಟ್ಟಿಗೆಗಳು ಕಟ್ಟಿಯಾಗಿದ್ದವು.

ಹೋಗುವ ಮುಂಚೆ ಅವಳಿಗೆ ಒಂದೇ ಆಸೆ. ಬೇ ಎಂದು ಕರೆಯುವ ಆ ಕೊಲ್ಲಿಗೆ ಒಂದು ಕಾಲುವೆ ಸೇರುವ ಜಾಗದಲ್ಲಿ, ವಾಲ್ಟ್ ಎಂಜಿನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದನಂತೆ. ಕಾಫಿ ಕುಡಿಯುತ್ತಿದ್ದರಂತೆ, ಮಾತಾಡುತ್ತಿರಲಿಲ್ಲವಂತೆ. ಅಲ್ಲಿ ಇನ್ನೊಮ್ಮೆ ಕೂತು ಬರಬೇಕು. "ಆ ಮರಳುಗಾಡಿಗೆ ಹೋದ ಮೇಲೆ ನನಗೆ ನೀರು ಸಿಗುವುದು ನಲ್ಲಿಯಲ್ಲಿ ಮಾತ್ರ," ಎಂದಳು. ಅವಳ ಇಂಗ್ಲಿಷು ನಿಧಾನ, ನನ್ನ ಗ್ಯಾಸ್ ಏಜೆನ್ಸಿ ಇಂಗ್ಲಿಷಿಗೆ ಅದು ಸರಿಹೊಂದುತ್ತಿತ್ತು.

ಡಂಬಾರ್ಟನ್ ಸೇತುವೆ ದಾಟಿ

ಶನಿವಾರ ದೋಣಿಯನ್ನು ಎರಡು ಗಾಲಿಯ ಟ್ರೇಲರಿನ ಮೇಲಿಟ್ಟು, ಗಾಡಿಯ ಹಿಂದೆ ಕಟ್ಟಿಕೊಂಡು ಹೊರಟೆವು. ನೆವಾರ್ಕಿನ ಅಂಚಿಗೆ ಉಪ್ಪಿನ ಗದ್ದೆಗಳು. ನಮ್ಮ ಸಾಣಿಕಟ್ಟೆಯ ಉಪ್ಪಿನಾಗರಗಳಂಥವೇ, ಆದರೆ ಒಂದೊಂದು ಗದ್ದೆ ನಮ್ಮ ಇಡೀ ಬಡಾವಣೆಯಷ್ಟು. ಕೆಲವು ಗದ್ದೆಗಳ ನೀರು ರೋಸ್ ಮಿಲ್ಕಿನ ಬಣ್ಣ. ಅದೇಕೆ ಹಾಗೆ ಎಂದು ಕೇಳಿದೆ. ಗುರುವಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇದೇ ದಾರಿಯಲ್ಲಿ ಆಫೀಸಿಗೆ ಹೋದವನು ಒಮ್ಮೆಯೂ ಕೇಳಿಲ್ಲವೆಂದರೆ ಏನು ಹೇಳುವುದು. ಕ್ಯಾರಲ್ ಹೇಳಿದಳು, ಉಪ್ಪು ಹೆಚ್ಚಾದ ನೀರಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳ ಬಣ್ಣವಂತೆ ಅದು.

ಸೇತುವೆ ದಾಟಿ ರೆಡ್‌ವುಡ್ ಸಿಟಿಯ ದೋಣಿ ಇಳಿಸುವ ಜಾಗಕ್ಕೆ ಬಂದೆವು. ಇಳಿಜಾರು ಸಿಮೆಂಟು, ಮುಂದೆ ನೀರು. ಜನ ಸಾಲಾಗಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಾರೆ. ಗುರು ಗಾಡಿಯನ್ನು ಹಿಂದಕ್ಕೆ ತೆಗೆಯಲು ಹೋದರೆ ದೋಣಿ ಎಡಕ್ಕೆ ಓಡಿತು, ಸರಿಪಡಿಸಿದರೆ ಬಲಕ್ಕೆ. ಹಿಂದೆ ಅಷ್ಟು ಜನ ನಿಂತಿದ್ದಾರೆ, ಒಬ್ಬನೂ ಬಾಯಿ ತೆರೆಯಲಿಲ್ಲ. ಎಲ್ಲರೂ ಆಕಾಶ ನೋಡುತ್ತಿದ್ದರು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಮಂದಿ "ಬರ್ಲಿ ಬರ್ಲಿ, ಕಟ್ ಮಾಡು" ಎಂದು ಬಾನೆಟ್ಟು ಬಡಿಯುತ್ತಿದ್ದರು. ಅವರ ಮರ್ಯಾದೆ ನನಗೆ ಅರ್ಥವಾಯಿತು, ಆದರೂ ಒಂಥರಾ ಕಸಿವಿಸಿ.

ಜೀವರಕ್ಷಕ ಜಾಕೆಟ್ಟು ಹಾಕಿಕೊಳ್ಳಲೇಬೇಕು. ಸೀರೆಯ ಮೇಲೆ ಅದನ್ನು ಬಿಗಿದ ಮೇಲೆ ಸೆರಗು ಎಲ್ಲಿ ಹೋಯಿತೋ ದೇವರೇ ಬಲ್ಲ. ಕ್ಯಾರಲ್ ಮುಂದಿನ ಹಲಗೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತಳು. ಸಂಧ್ಯಾ ನಡುವೆ, ಗುರು ಹಿಂದೆ ಎಂಜಿನ್ನಿನ ಹತ್ತಿರ, ಅವನ ಮುಂದೆ ನಾನು. ಕೆಂಪು ಟ್ಯಾಂಕು ನನ್ನ ಕಾಲ ಪಕ್ಕದಲ್ಲೇ. ಪೆಟ್ರೋಲಿನ ಘಾಟು ಮೂಗಿಗೆ ಹೊಡೆಯುತ್ತಿತ್ತು, ಮೂಗಿಗೆ ಹಿಡಿಯೋಣವೆಂದರೆ ಸೆರಗಿಲ್ಲ. ಸ್ವಲ್ಪ ಹೊತ್ತಿಗೆ ಘಾಟು ಕಡಿಮೆಯಾಯಿತು. ಗುರು ಹಗ್ಗ ಎಳೆದ, ಎಂಜಿನ್ನು ಗುರುಗುಟ್ಟಿತು, ಹೊರಟೆವು.

ಕಾಲುವೆಯ ಎರಡೂ ಕಡೆ ಜೌಗು ಹುಲ್ಲು, ಬಿಳಿ ಕೊಕ್ಕರೆ. ಒಂದು ಕಡೆ ಸರಕಿನ ಹಡಗೊಂದು ಹೊಟ್ಟೆ ಹೊತ್ತು ನಿಂತಿತ್ತು. ಕ್ಯಾರಲ್ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. ನಾನು ಎಲ್ಲವನ್ನೂ ಬಾಯಿಬಿಟ್ಟು ನೋಡುತ್ತಿರುವಾಗಲೇ ಎಂಜಿನ್ನು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತುಬಿಟ್ಟಿತು. ಗುರು ಹಗ್ಗ ಎಳೆದ, ಎಳೆದ, ಕೈ ಸೋತು ಕೂತ. ಕೊನೆಗೆ ಹಾದುಹೋಗುತ್ತಿದ್ದ ಒಬ್ಬ ಮೀನು ಹಿಡಿಯುವವನು ನಮ್ಮನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದ. ಏನಾಯಿತೆಂದು ಕೇಳಲಿಲ್ಲ, ಹೆಸರು ಹೇಳಲಿಲ್ಲ, ಕೈ ಎತ್ತಿ ಹೊರಟುಹೋದ.

"ವಾಲ್ಟ್ ಇದ್ದಾಗ ಇದು ಒಮ್ಮೆಯೂ ನಿಂತಿರಲಿಲ್ಲ," ಎಂದಳು ಕ್ಯಾರಲ್. ದೂರು ಹೇಳುವ ದನಿಯಲ್ಲ, ಆಶ್ಚರ್ಯದ ದನಿ.

ಗರಾಜು

ಮಾರನೆಯ ದಿನ ಗರಾಜಿನಲ್ಲಿ ನಾನು ಒಂದು ಸ್ಟೂಲು ಹಾಕಿಕೊಂಡು ಗುರುವಿನ ಪಕ್ಕ ಕೂತೆ. ಹೊಸ ವಿದ್ಯೆ ಎಂದರೆ ನನಗೆ ಚಹಾ ಕೂಡ ಬೇಡ. ಎಂಜಿನ್ನಿಗೆ ಪೆಟ್ರೋಲು ಹೇಗೆ ಬರುತ್ತದೆ, ಒಂದೊಂದಾಗಿ ತೋರಿಸು ಎಂದೆ.

"ನಾ ಕರೆಂಟಿನ ಮನುಷ್ಯಾ, ಅಕ್ಕಾ. ಪೆಟ್ರೋಲ್ ಬಿಟ್ಟು ಭಾಳ ವರ್ಷ ಆತು," ಎಂದು ಗೊಣಗಿದರೂ ತೋರಿಸಿದ. ಟ್ಯಾಂಕಿನಿಂದ ಪೈಪು. ಪೈಪಿನ ನಡುವೆ ಮುಷ್ಟಿ ಗಾತ್ರದ ರಬ್ಬರಿನ ಉಂಡೆ, ಹಳೆಯ ಆಟೋರಿಕ್ಷಾದ ಪೋಂ ಪೋಂ ಹಾರ್ನಿನಂಥದ್ದು. ಅದಕ್ಕೆ ಬಲ್ಬು ಎನ್ನುತ್ತಾರೆ. ಅದನ್ನು ಹಿಚುಕಿ ಹಿಚುಕಿ ಗಟ್ಟಿಯಾಗುವ ತನಕ ಪೆಟ್ರೋಲು ತುಂಬಿಸಿ ಆಮೇಲೆ ಎಂಜಿನ್ನು ಶುರು ಮಾಡಬೇಕು. ಅಲ್ಲಿಂದ ಸೋಸುವ ಫಿಲ್ಟರು, ಅಲ್ಲಿಂದ ಒಳಗೆ.

"ಮತ್ತ ಟ್ಯಾಂಕಿನಾಗ?"

"ಟ್ಯಾಂಕಿನಾಗ ಕೆಡೂದು ಏನದ, ಅದು ಬರೇ ಡಬ್ಬಿ."

ನನಗೆ ಅದು ಸರಿಯೆನಿಸಿತು. ಸಿಲಿಂಡರಿನಲ್ಲೂ ಕೆಡುವುದು ಏನಿರುತ್ತದೆ. ಹಳೆಯ ಪೆಟ್ರೋಲು ತೆಗೆದು ಹೊಸದು ತುಂಬಿದ. ಬಹಳ ದಿನ ಇಟ್ಟ ಪೆಟ್ರೋಲು ಅಲ್ಲಿ ನೀರು ಎಳೆದುಕೊಂಡು ಹಾಳಾಗುತ್ತದಂತೆ. ಫಿಲ್ಟರು ಬದಲಿಸಿದ. ಎರಡು ದಿನ ಬಿಟ್ಟು ಆಫೀಸಿನ ಗೆಳೆಯನ ಜೊತೆ ಹೋಗಿ ಕೊಲ್ಲಿಯ ತನಕ ದೋಣಿ ಓಡಿಸಿ ಬಂದ. ಎಲ್ಲೂ ನಿಲ್ಲಲಿಲ್ಲ. ಕ್ಯಾರಲ್‌ಗೆ ಹೇಳಿದಾಗ ಅವಳು ಕಾಫಿಯ ಫ್ಲಾಸ್ಕನ್ನು ಕಟ್ಟಿದ ಪೆಟ್ಟಿಗೆಯಿಂದ ಮತ್ತೆ ಹೊರಗೆ ತೆಗೆದಿಟ್ಟಳು.

ಮುಂದಿನ ವಾರದ ನಡುವೆ ಎಲ್ಲರೂ ರಜೆ ಹಾಕಿ ಹೋದೆವು. ದೋಣಿಯಲ್ಲಿ ಕೂತದ್ದು ಅದೇ ಜಾಗಗಳಲ್ಲಿ, ದಾರಿಯಲ್ಲಿ ಅದೇ ಕೊಕ್ಕರೆ. ಹಡಗು ದಾಟಿದ್ದೇ ತಡ, ಕೆಮ್ಮು ಶುರುವಾಯಿತು. ನಿಂತಿತು. ಗುರು ಬಲ್ಬು ಮುಟ್ಟಿ ನೋಡಿದ, ಚಪ್ಪಟೆಯಾಗಿತ್ತು. ಬಿಟ್ಟರೂ ಉಬ್ಬಲಿಲ್ಲ. "ಬಲ್ಬ್ ಹೋಗ್ಯದ," ಎಂದು ತೀರ್ಪು ಕೊಟ್ಟ. ಆ ಸಲ ಬಂದರಿನ ಕಾವಲು ದೋಣಿಯವರು ಎಳೆದು ತಂದರು.

ಕಾರಿನಲ್ಲಿ ಬರುವಾಗ ಎಲ್ಲರೂ ಸಪ್ಪಗಿದ್ದರು. ಮನಸ್ಸು ಹಗುರ ಮಾಡಲೆಂದೇ ಇರಬೇಕು, ಸಂಧ್ಯಾ ಕನ್ನಡದಲ್ಲಿ ಹೇಳಿದಳು: "ಇವರು ಗೆಳೆಯನ ಜೊತೆ ಹೋದ್ರೆ ಓಡುತ್ತೆ, ನೀವು ಹತ್ತಿದ್ರೆ ನಿಲ್ಲುತ್ತೆ. ನಿಮ್ಮ ಕಾಲ್ಗುಣ ದೋಣಿಗೆ ಆಗಿಬರಲ್ಲ ಅನ್ಸುತ್ತೆ ಅತ್ತಿಗೆ."

ನಾನೂ ನಕ್ಕೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ.

ಫೋನಿನಲ್ಲಿ ಹುಬ್ಬಳ್ಳಿ

ಸಂಧ್ಯಾಗೆ ಗೊತ್ತಿರಲಿಲ್ಲ. ಗೊತ್ತಿರುವ ಕಾರಣವೂ ಇಲ್ಲ. ನಾನು ಮದುವೆಯಾಗಿ ಸೇರಕ್ಕಿ ಒದ್ದು ಒಳಗೆ ಹೋದ ವಾರವೇ ನಮ್ಮ ಮಾವನವರ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟುಹೋಯಿತು. ಅತ್ತೆ ಯಾರ ಮುಂದೆಯೂ ದನಿ ಏರಿಸಿದವರಲ್ಲ. ಮೆಲ್ಲಗೆ, ಬಂದ ನೆಂಟರಿಗೆಲ್ಲ, ಸೊಸೆಯ ಕಾಲ್ಗುಣ ಎಂದರು. ಆಮೇಲೆ ಆ ಮನೆಯಲ್ಲಿ ಹೊಸ ಮಷೀನು ಬಂದ ದಿನ, ಯಾರಾದರೂ ಪರೀಕ್ಷೆಗೆ ಹೊರಟ ದಿನ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಯಾರೂ ಬರಬೇಡ ಎನ್ನಲಿಲ್ಲ, ನಾನೇ ಬರುತ್ತಿರಲಿಲ್ಲ. ಅತ್ತೆ ಹೋದರು, ಗಿರಣಿಯೂ ಹೋಯಿತು. ನಾನು ಮರೆತಿದ್ದೇನೆ ಎಂದುಕೊಂಡಿದ್ದೆ. ಎಲ್ಲಿಯ ಹುಬ್ಬಳ್ಳಿ, ಎಲ್ಲಿಯ ಕ್ಯಾಲಿಫೋರ್ನಿಯಾ. ಆ ಮಾತು ಬೆನ್ನಟ್ಟಿಕೊಂಡು ಬಂದಿತ್ತು.

ಗಂಡನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, ಎಂದಿನ ಮಾತನ್ನೇ ಹೇಳಿದರು. "ಮೋಟಾರ್ ಸುಟ್ಟಿದ್ದು ವೋಲ್ಟೇಜಿಗೆ. ಓಣಿಯೊಳಗ ಮೂರು ಮನಿ ಫ್ಯಾನ್ ಸುಟ್ಟಿದ್ವು. ಆ ಮನಿಗೆಲ್ಲಾ ನೀ ಸೇರಕ್ಕಿ ಒದ್ದಿದ್ದಿ ಏನು?"

"ದೋಣಿ ವೋಲ್ಟೇಜಿಂದ ಓಡೂದಿಲ್ಲರಿ," ಎಂದೆ.

"ಹಂಗಾರ ಅದು ಯಾತರಿಂದ ಓಡ್ತದ, ಅದನ್ನ ನೋಡು. ದೂರು ಕೇಳೂದು ನಿನ್ನ ಕೆಲಸ ಅಲ್ಲೇನು?"

ಮಾತು ಸರಿಯೇ. ಆದರೆ ಕ್ಯಾರಲ್ ಹೊರಡುವುದು ಸೋಮವಾರ. ಉಳಿದದ್ದು ಒಂದು ಶನಿವಾರ. ನನ್ನ ಕಾಲಿನ ಪರೀಕ್ಷೆಗೆ ಇನ್ನೊಬ್ಬಳ ಕೊನೆಯ ದಿನವನ್ನು ಪಣಕ್ಕಿಡುವುದು ಯಾವ ನ್ಯಾಯ. ನಾನು ದಡದಲ್ಲೇ ಕೂರುವುದೆಂದು ತೀರ್ಮಾನಿಸಿದೆ.

ಮತ್ತೆ ದಡದಲ್ಲಿ

ಗುರು ಹೊಸ ಬಲ್ಬು, ಹೊಸ ಪೈಪು ಹಾಕಿದ್ದ. ಶನಿವಾರ ದೋಣಿ ನೀರಿಗೆ ಇಳಿಯಿತು. ನಾನು ಜಾಕೆಟ್ಟು ಹಾಕಿಕೊಳ್ಳದೆ ಬೆಂಚಿನ ಮೇಲೆ ಕೂತೆ. ತಲೆ ಸುತ್ತುತ್ತದೆ, ನೀವು ಹೋಗಿ ಬನ್ನಿ ಎಂದೆ. ಸಂಧ್ಯಾ ನನ್ನ ಮುಖ ನೋಡಿದಳು. ಅವಳು ದಡ್ಡಿಯಲ್ಲ.

"ಅತ್ತಿಗೆ, ಅವತ್ತು ನಾನು ಸುಮ್ನೆ ತಮಾಷೆಗೆ ಅಂದೆ."

"ಗೊತ್ತದವಾ. ಹೋಗ್ರಿ ನೀವು."

ಕ್ಯಾರಲ್ ದೋಣಿಯಲ್ಲಿ ಕೂತವಳು ಎದ್ದು ಬಂದಳು. ಏನು ನಡೆಯುತ್ತಿದೆ ಎಂದು ಕೇಳಿದಳು. ಬೇರೆ ದಾರಿಯಿಲ್ಲದೆ ಗುರು ಇಂಗ್ಲಿಷಿನಲ್ಲಿ ಕಾಲ್ಗುಣ ಎಂದರೇನೆಂದು ವಿವರಿಸಿದ. ಒಬ್ಬರ ಹೆಜ್ಜೆಯ ಜೊತೆ ಒಳ್ಳೆಯದೋ ಕೆಟ್ಟದ್ದೋ ಬರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ, ಹೊಸ ಸೊಸೆಗೆ ಹೆಚ್ಚಾಗಿ ಹೇಳುತ್ತಾರೆ ಎಂದ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಯೋಚಿಸಿದಳು.

"ಎರಡು ಸಲವೂ ನಾನು ದೋಣಿಯಲ್ಲಿದ್ದೆ," ಎಂದಳು. "ಗುರು ಗೆಳೆಯನ ಜೊತೆ ಹೋದಾಗ ನಾನಿರಲಿಲ್ಲ. ವಾಲ್ಟ್ ಹೋದ ಮೇಲೆ ಈ ದೋಣಿ ನನ್ನನ್ನು ಕರೆದುಕೊಂಡು ಹೋಗಿಯೇ ಇಲ್ಲ. ಆ ಕಾಲು ನಿನ್ನದೆಂದು ಯಾಕೆ ಅಂದುಕೊಂಡೆ? ನನ್ನದಿರಬಹುದು."

ಅಯ್ಯೋ ಶಿವನೇ, ಇದೆಂಥ ರೋಗವನ್ನು ಈ ಮುದುಕಿಗೆ ಅಂಟಿಸಿದೆವು ಎಂದುಕೊಂಡೆ. ಆ ಮಾತನ್ನು ಹೊತ್ತುಕೊಂಡು ಬದುಕುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಇವಳು ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಅರಿಜೋನಾಕ್ಕೆ ಹೋಗಬಾರದು. ನಾನು ಎದ್ದು ಜಾಕೆಟ್ಟು ಬಿಗಿದುಕೊಂಡೆ. ಇಬ್ಬರೂ ಹತ್ತೋಣ, ನಿಂತರೆ ಯಾಕೆ ನಿಂತಿತೆಂದು ನೋಡಿಯೇ ಇಳಿಯೋಣ ಎಂದೆ. ಬೇಕೆಂದೇ ಎಡಗಾಲು ಮೊದಲಿಟ್ಟೆ.

ಕಾಲುವೆಯ ನಡುವೆ

ನಿಂತಿತು. ಹಡಗು ದಾಟಿ, ಇನ್ನೊಂದಿಷ್ಟು ಮುಂದೆ ಹೋಗಿ, ಅದೇ ಕೆಮ್ಮು ಕೆಮ್ಮಿ ನಿಂತಿತು. ಆವತ್ತು ನೀರು ಇಳಿಯುವ ಹೊತ್ತು. ಎರಡೂ ಬದಿಯಲ್ಲಿ ಕೆಸರು ಹೊಳೆಯುತ್ತಾ ಮೇಲೆ ಬರುತ್ತಿತ್ತು. ಬದಿಗೆ ಸರಿದು ಆ ಕೆಸರಿನ ಮೇಲೆ ಕೂತರೆ ಮತ್ತೆ ನೀರು ಏರುವ ತನಕ ಅಲ್ಲೇ ಎಂದು ಗುರು ಹೇಳಿದ. ಅಷ್ಟು ಹೊತ್ತಿಗೆ ಕತ್ತಲಾಗುತ್ತದೆ. ಕ್ಯಾರಲ್ ಹಿಂದಿರುಗಿ ನೋಡಲಿಲ್ಲ. ಫ್ಲಾಸ್ಕನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು.

ಗುರು ಹಗ್ಗಕ್ಕೆ ಕೈ ಹಾಕಿದ. "ಎಳೀಬ್ಯಾಡ," ಎಂದೆ. "ಮೊದಲ ಬಲ್ಬ್ ಮುಟ್ಟಿ ನೋಡು."

ಮುಟ್ಟಿದ. "ಚಪ್ಪಟಿ ಆಗೇದ. ಇದು ಹೊಸಾದು, ಅಕ್ಕಾ. ನಿನ್ನೆ ಹಾಕೀನಿ."

"ಹೊಸಾದೂ ಚಪ್ಪಟಿ ಆತಂದ್ರ ತಪ್ಪು ಬಲ್ಬಿಂದಲ್ಲ. ಎಂಜಿನ್ ಎಳೀಲಿಕ್ಕತ್ತದ, ಹಿಂದಿಂದ ಬರವಲ್ತು. ಹಿಂದ ನಡಿ. ಪೈಪ್ ಮಡಚೇದೇನು?"

"ಇಲ್ಲ."

"ಪೆಟ್ರೋಲ್ ಅದನೋ ಇಲ್ಲೋ?"

"ತುಂಬ ಅದ."

ಪೈಪು ಸರಿ, ಪೆಟ್ರೋಲು ಇದೆ, ಆದರೂ ಬರುತ್ತಿಲ್ಲ. ನಾನು ಆ ಚಪ್ಪಟೆ ಬಲ್ಬನ್ನೇ ನೋಡಿದೆ. ರೈಲಿನಲ್ಲಿ ಮಕ್ಕಳು ಮಾವಿನ ರಸದ ಪೊಟ್ಟಣಕ್ಕೆ ಕೊಳವೆ ಚುಚ್ಚಿ ಬಿಡದೆ ಹೀರಿದರೆ ಆ ಪೊಟ್ಟಣ ಹೀಗೇ ಒಳಕ್ಕೆ ಹೋಗುತ್ತದೆ. ಬಾಯಿ ತೆಗೆದು ಗಾಳಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದಿಲ್ಲ, ಅತ್ತ ಮೂಲೆಗೆ ಇನ್ನೊಂದು ಹೊಡೆಯಬೇಕು. ಇದು ಯಾವ ಅಡುಗೆಮನೆಯವಳಿಗೆ ಗೊತ್ತಿಲ್ಲ.

"ಗುರು, ಈ ಡಬ್ಬಿಗೆ ಗಾಳಿ ಎಲ್ಲಿಂದ ಹೋಗ್ತದ?"

"ಮುಚ್ಚಳದ ಮ್ಯಾಲೆ ಸಣ್ಣ ತಿರುಪು ಅದಲಾ, ಅಲ್ಲಿಂದ. ಅದನ್ನ ನಾ ಪ್ರತಿ ಸಲ ಮೊದಲs ತೆಗೀತೀನಿ. ಇವತ್ತೂ ತೆಗೆದೀನಿ."

ನಾನು ಕೆಳಗೆ ನೋಡಿದೆ. ಟ್ಯಾಂಕಿನ ಮುಚ್ಚಳದ ನೆತ್ತಿಯ ಮೇಲೆ ಕೋಟಿನ ಗುಂಡಿಯಷ್ಟು ದೊಡ್ಡ ಕರಿಯ ತಿರುಪು. ಅದರ ಮೇಲೆ ನನ್ನ ಬಲಗೈ. ಯಾವಾಗ ಹೋಗಿ ಕೂತಿತ್ತೋ, ನನಗೆ ಗೊತ್ತೇ ಇಲ್ಲ. ಹೆಬ್ಬೆರಳು ತೋರುಬೆರಳು ಅದನ್ನು ಹಿಡಿದುಕೊಂಡೇ ಇದ್ದವು. ಪ್ರತಿ ಸಲ ಘಾಟು ಬರುತ್ತಿತ್ತು, ಪ್ರತಿ ಸಲ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತಿತ್ತು. ಅದು ತಾನಾಗಿ ಕಡಿಮೆಯಾಗುತ್ತಿರಲಿಲ್ಲ. ಹಳದಿ ಹಿಡಿಯನ್ನು ತಿರುಗಿಸಿದ ಕೈ ಇದನ್ನೂ ತಿರುಗಿಸುತ್ತಿತ್ತು.

ತಿರುಪನ್ನು ಎಡಕ್ಕೆ ತಿರುಗಿಸಿದೆ. ಸುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಗುರುವಿನ ಅಂಗೈಯಲ್ಲಿದ್ದ ಬಲ್ಬು ಮೆಲ್ಲಗೆ ಉಬ್ಬಿ ದುಂಡಗಾಯಿತು. ಅವನು ಬಲ್ಬನ್ನು ನೋಡಿದ, ನನ್ನನ್ನು ನೋಡಿದ.

"ಅಕ್ಕಾ, ನೀ?"

"ನಾನs. ಪ್ರತಿ ಸಲ ನಾನs ಬಂದ್ ಮಾಡೀನಿ. ಗ್ಯಾಸ್ ವಾಸನಿ ಬಂತಂದ್ರ ಬಂದ್ ಮಾಡೂದs ನನ್ನ ಕೈಗೆ ಗೊತ್ತು."

"ಮನೀಗೆ ಒಯ್ಯೂಮುಂದ ನೋಡಿದ್ರ ಅದು ಮುಚ್ಚೇ ಇರ್ತಿತ್ತು. ಸಂಧ್ಯಾ ಮುಚ್ಚ್ಯಾಳ ಅಂದ್ಕೊಂಡಿದ್ದೆ."

"ನಾನು ನೀವು ಮುಚ್ಚಿದ್ರಿ ಅಂದ್ಕೊಂಡಿದ್ದೆ," ಎಂದಳು ಸಂಧ್ಯಾ. ಅಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಸೆರಗು ಮತ್ತೆ ಸಿಗಲಿಲ್ಲ. ಒಂದು ತಪ್ಪು ನನ್ನದೇ ಎಂದು ಸಾಬೀತಾದದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಗಸು ಆ ಕೊಲ್ಲಿಯಲ್ಲಿ ಇನ್ನೊಬ್ಬಳಿರಲಾರಳು. ಕೈಯ ತಪ್ಪಾದರೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರಾಯಿತು. ಕಾಲನ್ನು ಎಲ್ಲಿಗೆ ಒಯ್ದು ಬಿಡುವುದು.

ಗುರು ಬಲ್ಬು ಹಿಚುಕಿ ಗಟ್ಟಿ ಮಾಡಿದ. ಒಂದೇ ಎಳೆತಕ್ಕೆ ಎಂಜಿನ್ನು ಗುರುಗುಟ್ಟಿತು. ನಾನು ಮುಂದಕ್ಕೆ ಬಾಗಿ ಕ್ಯಾರಲ್‌ಳ ಭುಜ ಮುಟ್ಟಿ ಹೇಳಿದೆ, ನನ್ನ ಏಜೆನ್ಸಿ ಇಂಗ್ಲಿಷಿನಲ್ಲಿ, ಯಾವ ಕಾಲೂ ಅಲ್ಲ, ಈ ಕೈ ಎಂದು. ಅವಳು ಆ ಕೈಯನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ಅದನ್ನು ಬಿಡಲಿಲ್ಲ. ಇನ್ನೇನಾದರೂ ಮುಚ್ಚೀತು ಎಂಬ ಭಯಕ್ಕೂ ಇರಬಹುದು.

ಸೀಲ್‌ಗಳ ದಂಡೆ

ಕಾಲುವೆ ಮುಗಿದು ನೀರು ಒಮ್ಮೆಲೇ ಅಗಲವಾಯಿತು. ದೂರದಲ್ಲಿ ನಾವು ದಾಟಿ ಬಂದ ಸೇತುವೆ, ಅದರಾಚೆ ಉಪ್ಪಿನ ಬಿಳಿ ಗುಡ್ಡ. ಇಳಿದ ನೀರಿನ ಅಂಚಿಗೆ, ಕೆಸರಿನ ದಂಡೆಯ ಮೇಲೆ ಸೀಲ್ ಎನ್ನುವ ದಪ್ಪ ಮೈಯ ಕಡಲ ಪ್ರಾಣಿಗಳು ಬಿಸಿಲು ಕಾಯಿಸುತ್ತಾ ಬಿದ್ದುಕೊಂಡಿದ್ದವು. ಮದುವೆ ಊಟ ಮುಗಿಸಿ ಚಪ್ಪರದಲ್ಲಿ ಅಡ್ಡಾದ ಬೀಗರಂತೆ. ಒಂದು ತಲೆ ಎತ್ತಿ ನಮ್ಮನ್ನು ನೋಡಿ, ಏನೂ ವಿಶೇಷವಿಲ್ಲವೆಂದು ಮತ್ತೆ ಮಲಗಿತು.

ಕ್ಯಾರಲ್ ಕೈ ಎತ್ತಿದಳು. ಗುರು ವೇಗ ಇಳಿಸಿದ. ಅವಳು ಹಲಗೆ ಹಿಡಿದುಕೊಂಡು ಹಿಂದಕ್ಕೆ ಬಂದು, ಎಂಜಿನ್ನಿನ ಕೆಂಪು ಗುಂಡಿಯನ್ನು ತಾನೇ ಒತ್ತಿದಳು. ಸದ್ದು ನಿಂತಿತು. ನಾಲ್ಕನೆಯ ಸಲ ಆ ದೋಣಿ ನೀರಿನ ನಡುವೆ ನಿಂತದ್ದು, ಆದರೆ ಈ ಸಲ ನಿಲ್ಲಿಸಿದವಳು ಅವಳು.

ಕಾಫಿ ಎಲ್ಲರಿಗೂ ಬಂತು. ಸಕ್ಕರೆ ಇಲ್ಲದ, ಕಹಿ, ನೀರು ನೀರು. ನಾನು ಪೂರ್ತಿ ಕುಡಿದೆ. ಯಾರೂ ಮಾತಾಡಲಿಲ್ಲ. ಮಾತಿಲ್ಲದೆ ಇಷ್ಟು ಹೊತ್ತು ಕೂರುವುದು ನನ್ನ ಜನ್ಮದಲ್ಲಿ ಅದೇ ಮೊದಲು. ಮೊದಮೊದಲು ಕಷ್ಟವಾಯಿತು. ಏನಾದರೂ ಕೇಳಬೇಕೆನಿಸಿತು, ಆ ಹಕ್ಕಿ ಯಾವುದು, ಆ ಗೋಪುರ ಯಾವುದು. ಕೇಳಲಿಲ್ಲ. ಆಮೇಲೆ ದೋಣಿಯ ಬದಿಗೆ ನೀರು ತಟ್ಟುವ ಸದ್ದು ಕೇಳಿಸತೊಡಗಿತು. ಕ್ಯಾರಲ್‌ಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅವಳು ತನ್ನ ಕಪ್ಪನ್ನು ಅಲ್ಲಿ ಇಟ್ಟಿದ್ದಳು.

ಹೊರಡುವಾಗ ಅವಳು ಹೇಳಿದ್ದು ಇಷ್ಟೇ, "ಸರಿ. ಈಗ ಹೋಗಬಹುದು."

ಇಳಿಜಾರಿನ ಮೇಲೆ

ದಡಕ್ಕೆ ಬಂದು, ದೋಣಿಯನ್ನು ಟ್ರೇಲರಿಗೆ ಏರಿಸಿ ಮೇಲಕ್ಕೆ ಎಳೆದೆವು. ಹಿಂದೆ ಮತ್ತೆ ಸಾಲು, ಮತ್ತೆ ಎಲ್ಲರೂ ಆಕಾಶ ನೋಡುತ್ತಾ. ಈ ಸಲ ಅವರಿಗೆಲ್ಲ ಕರೆದು ಹೇಳಬೇಕೆನಿಸಿತು, ನಿಮ್ಮ ಟ್ಯಾಂಕಿನ ತಿರುಪು ತೆರೆದಿದೆಯೋ ನೋಡಿಕೊಳ್ಳಿ ಎಂದು. ಸಂಧ್ಯಾ ನನ್ನ ಮುಖ ನೋಡಿಯೇ ಊಹಿಸಿದಳು. "ಬೇಡಿ ಅತ್ತಿಗೆ," ಎಂದಳು.

ಗುರು ಹಗ್ಗ ಕಟ್ಟುತ್ತಿದ್ದ. ನಾನು ದೋಣಿಯ ಪಕ್ಕ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಕ್ಯಾರಲ್ ಬಂದು ಟ್ಯಾಂಕನ್ನು ತೋರಿಸಿದಳು.

"ವಾಲ್ಟ್ ಇಲ್ಲಿ ನಿಲ್ಲಿಸಿ ಅದನ್ನು ಮುಚ್ಚುತ್ತಿದ್ದ. ಮನೆಗೆ ಹೋಗುವಾಗ ಮುಚ್ಚಲೇಬೇಕು, ದಾರಿಯಲ್ಲಿ ಚೆಲ್ಲುತ್ತದೆ," ಎಂದಳು. "ಮಾಡು, ವಿಮಲಾ. ಈಗ ಸರಿಯಾದ ಹೊತ್ತು."

ನಾನು ಗುರುವಿನ ಕಡೆ ನೋಡಿದೆ. ಅವನು ಹೂಂ ಎಂದ. ಬಗ್ಗಿ ಆ ಕರಿಯ ತಿರುಪನ್ನು ಬಲಕ್ಕೆ ತಿರುಗಿಸಿದೆ, ಹುಬ್ಬಳ್ಳಿಯ ಯಾವ ರೆಗ್ಯುಲೇಟರನ್ನೂ ಅಷ್ಟು ನಿಧಾನವಾಗಿ ತಿರುಗಿಸಿರಲಿಲ್ಲ. ಕ್ಯಾರಲ್ ಕೈ ಚಾಚಿ ಒಮ್ಮೆ ಮುಟ್ಟಿ ನೋಡಿದಳು. ಇನ್ನೂ ಸ್ವಲ್ಪ ಬಿಗಿಯಾಗಲಿ ಎಂದಳು. ಇನ್ನೂ ಸ್ವಲ್ಪ ಬಿಗಿ ಮಾಡಿದೆ.